ಆಟದ ದಿನ ಬೇರೆ, ಅಭ್ಯಾಸದ ದಿನ ಬೇರೆ

ಕೆಜಿಎಫ್‌ನಲ್ಲಿ ವಾರದ ನಡುವೆ ಗಾಲ್ಫ್ ಆಡಬೇಕೆಂದರೆ ಒಬ್ಬರೇ ಆಡಬೇಕು. ಜೊತೆಗಾರರು ಸಿಗುವುದಿಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಇಲ್ಲಿ ದುಡಿಯುವ ವಯಸ್ಸಿನವರಲ್ಲಿ ಬಹಳ ಮಂದಿ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವವರು. ಮಾರಿಕುಪ್ಪಂನಿಂದ ಹೊರಟ ಗಾಡಿ ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆಗೆ ಬರುವಷ್ಟರಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ನಾನು ಬಂಗಾರಪೇಟೆಯವನು. ಅವರೆಲ್ಲ ಅತ್ತ ಹೋದರೆ ನಾನು ಬಿಡುವಿದ್ದಾಗ ಕೋಲುಗಳ ಚೀಲ ಹೊತ್ತು ಇತ್ತ, ಊರಿಗಾಂ ಕಡೆಗೆ ಹೋಗುತ್ತೇನೆ. 1894ರಿಂದ ಇರುವ ಆ ಹದಿನಾರು ಕಿಲೋಮೀಟರಿನ ರೈಲು ದಾರಿ ಗಣಿಗೆಂದೇ ಹಾಕಿದ್ದು. ಗಾಲ್ಫ್ ಕೂಡ ಗಣಿಯ ಹಿಂದೆಯೇ ಬಂತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಾರಿಕೆ ಹಿಡಿದಾಗ ಬಂದ ಇಂಗ್ಲಿಷರು ತಮ್ಮ ಕ್ಲಬ್ಬು, ತಮ್ಮ ಆಟಗಳನ್ನೂ ಇಲ್ಲಿಗೆ ತಂದರು.

ಒಬ್ಬನೇ ಆಡುವವನಿಗೆ ಎದುರಾಗುವ ಪ್ರಶ್ನೆ ಒಂದೇ: ಈ ಹೊತ್ತು ಆಟಕ್ಕೋ, ಅಭ್ಯಾಸಕ್ಕೋ? ಬೆಂಗಳೂರಿನ ದೊಡ್ಡ ಕ್ಲಬ್‌ಗಳ ಸದಸ್ಯರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಅಲ್ಲಿ ಡ್ರೈವಿಂಗ್ ರೇಂಜ್ ಬೇರೆ, ಕೋರ್ಸ್ ಬೇರೆ. ರೇಂಜಿನಲ್ಲಿ ಬುಟ್ಟಿಗಟ್ಟಲೆ ಚೆಂಡು ಹೊಡೆದರೆ ಅಭ್ಯಾಸ, ಕೋರ್ಸಿಗೆ ಕಾಲಿಟ್ಟರೆ ಆಟ. ನನ್ನಂಥವನಿಗೆ ಆ ಗೋಡೆ ಇಲ್ಲ. ಹಿಂದೆ ಮುಂದೆ ಯಾರೂ ಇಲ್ಲದ ಮೈದಾನ, ಜೇಬಿನಲ್ಲಿ ನಾಲ್ಕಾರು ಚೆಂಡು, ಮೊದಲ ಹೊಡೆತ ಬಲಕ್ಕೆ ಹೊರಳಿತೆಂದರೆ ಇನ್ನೊಂದನ್ನು ಇಟ್ಟು ಹೊಡೆಯಲು ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಎರಡನೆಯದು ನೇರ ಹೋದರೆ ಅದನ್ನೇ ಆಡುವುದು. ಹೀಗೆ ಬೆಳಗೆಲ್ಲ ಆಡಿದರೆ ಅದು ಆಟವೂ ಅಲ್ಲ, ಅಭ್ಯಾಸವೂ ಅಲ್ಲ. ಮೈ ದಣಿಯುತ್ತದೆ, ಕಲಿತದ್ದು ಏನೂ ಇರುವುದಿಲ್ಲ.

ಈ ಮಾತನ್ನು ನನಗೆ ಮೊದಲು ಹೇಳಿದವರು ಒಬ್ಬ ಹಿರಿಯ ಕ್ಯಾಡಿ. ತಮಿಳು ಮನೆಮಾತಿನವರು. ಅವರ ತಂದೆ ಗಣಿಯೊಳಗೆ ಇಳಿದು ದುಡಿದವರು. ನಾನು ಎರಡನೇ ಚೆಂಡು ತೆಗೆದಾಗ ಅವರು ಚೀಲ ಕೆಳಗಿಟ್ಟು, "ಸಾರ್, ಇವತ್ತು ಆಟನಾ, ಪ್ರಾಕ್ಟೀಸಾ? ಎರಡರಲ್ಲಿ ಒಂದು ಹೇಳ್ಬಿಡಿ, ನಾನೂ ಹಂಗೇ ನೋಡ್ತೀನಿ" ಅಂದರು. ಕ್ಯಾಡಿಗಳು ಆಟವನ್ನು ನೋಡುವ ಕಣ್ಣೇ ಬೇರೆ. ಹೊಡೆತ ಚೆನ್ನಾಗಿತ್ತೇ ಎಂಬುದಕ್ಕಿಂತ ಆ ಜಾಗದಲ್ಲಿ ಆ ಕೋಲು ತೆಗೆದದ್ದು ಸರಿಯೇ ಎಂದು ಅವರು ನೋಡುತ್ತಾರೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದಾಗ ನನಗೆ ಅಚ್ಚರಿಗಿಂತ ಸಂತೋಷವೇ ಹೆಚ್ಚಾಗಿತ್ತು. ಪರರ ಆಟವನ್ನು ವರ್ಷಗಟ್ಟಲೆ ಹೀಗೆ ನೋಡಿದವರಿಗೆ ತೀರ್ಮಾನ ಮಾಡುವುದು ಗೊತ್ತಿರುತ್ತದೆ.

ಆ ಹಿರಿಯ ಕ್ಯಾಡಿ ಹೇಳಿದ್ದನ್ನೇ ಗಾಲ್ಫಿನ ನಿಯಮಗಳೂ ಹೇಳುತ್ತವೆ. ಸುತ್ತು ಶುರುವಾದ ಮೇಲೆ ಒಂದು ಹೋಲ್ ಆಡುತ್ತಿರುವಾಗ ಅಭ್ಯಾಸದ ಹೊಡೆತ ಹೊಡೆಯುವಂತಿಲ್ಲ. ಒಂದು ಹೋಲ್ ಮುಗಿದು ಮುಂದಿನದು ಶುರುವಾಗುವ ಮುನ್ನ, ಈಗಷ್ಟೇ ಮುಗಿಸಿದ ಗ್ರೀನಿನ ಬಳಿ, ಅಭ್ಯಾಸದ ಗ್ರೀನಿನಲ್ಲಿ ಅಥವಾ ಮುಂದಿನ ಟೀ ಬಳಿ ಪಟ್ ಅಥವಾ ಚಿಪ್ ಮಾಡಬಹುದು, ಅದೂ ಆಟ ತಡವಾಗದಂತೆ. ನಿಯಮ ಮಾಡಿದವರು ಎರಡನ್ನೂ ಬೇರೆ ಬೇರೆ ಇಟ್ಟದ್ದಕ್ಕೆ ಕಾರಣವಿದೆ. ಸಂಗೀತಗಾರರು ಬೆಳಗಿನ ಜಾವ ಸಾಧಕ ಮಾಡುವಾಗ ಒಂದೇ ವರಸೆಯನ್ನು ನೂರು ಸಲ ತಿರುವುತ್ತಾರೆ. ಕಚೇರಿಯಲ್ಲಿ ಕೂತಾಗ ತಪ್ಪಿದ ಸ್ವರವನ್ನು ನಿಲ್ಲಿಸಿ ಮತ್ತೆ ಹಾಡುವುದಿಲ್ಲ, ಅಲ್ಲಿಂದ ಮುಂದಕ್ಕೆ ಹೋಗುವ ದಾರಿ ಹುಡುಕುತ್ತಾರೆ. ಒಬ್ಬರೇ ಆಡುವ ಸುತ್ತು ಕೇಳುವವರಿಲ್ಲದ ಕಚೇರಿ. ಕಚೇರಿಯಂತೆಯೇ ನಡೆಯಬೇಕು.

ಹಾಗಾಗಿ ಆಟದ ದಿನ ನನ್ನ ಕೈಗೆ ಒಂದೇ ಚೆಂಡು. ಕಳೆದುಹೋದರೆ ಬದಲಿಗೆ ಇನ್ನೊಂದು, ದಂಡದ ಹೊಡೆತ ಸೇರಿಸಿ. ಗಿಡದ ಬುಡದಲ್ಲಿ ಬಿದ್ದರೆ ಅಲ್ಲಿಂದಲೇ. ಎರಡು ಅಡಿಯ ಪಟ್ ಉಳಿದರೂ "ಬಿಡು, ಬಿದ್ದ ಹಾಗೇ" ಎನ್ನದೆ ಹೋಲಿಗೆ ಬೀಳಿಸಿಯೇ ಎತ್ತುವುದು. ಕಾರ್ಡಿನಲ್ಲಿ ಪ್ರತಿ ಹೊಡೆತವೂ ಬರೆಯಬೇಕು. ಈ ಲೆಕ್ಕ ಹ್ಯಾಂಡಿಕ್ಯಾಪಿಗೆ ಸೇರುವುದಿಲ್ಲ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯ ಪ್ರಕಾರ ಜೊತೆಗೆ ಇನ್ನೊಬ್ಬರಾದರೂ ಇದ್ದರೆ ಮಾತ್ರ ಆ ಸ್ಕೋರಿಗೆ ಮಾನ್ಯತೆ. ಮಾನ್ಯತೆ ಇಲ್ಲದ ಕಾರ್ಡನ್ನು ಏಕೆ ಬರೆಯಬೇಕು ಎಂದು ಕೇಳಿದವರಿದ್ದಾರೆ. ಯಾರೂ ನೋಡದ ಕಡೆ ಏಳನ್ನು ಏಳೆಂದೇ ಬರೆಯುವ ಅಭ್ಯಾಸವಾದರೆ, ಮುಂದೆ ಪಂದ್ಯದ ದಿನ ಒತ್ತಡ ಅರ್ಧ ಇಳಿಯುತ್ತದೆ. ಇದು ನಾನು ಕಂಡುಕೊಂಡದ್ದು.

ಒಬ್ಬರೇ ಆಡುವಾಗಿನ ದೊಡ್ಡ ತೊಂದರೆ ವೇಗ. ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನಾಲ್ವರು ಆಡುವಾಗ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಉಳಿದ ಮೂವರ ಸರದಿ ಇರುತ್ತದೆ. ಉಸಿರು ಇಳಿಯುತ್ತದೆ, ಗಾಳಿ ಯಾವ ಕಡೆ ಎಂದು ನೋಡಲು ಹೊತ್ತು ಸಿಗುತ್ತದೆ, ಕೆಟ್ಟ ಹೊಡೆತದ ಸಿಟ್ಟು ಆರುತ್ತದೆ. ಒಬ್ಬನೇ ಇದ್ದರೆ ಸದಾ ನನ್ನದೇ ಸರದಿ. ದುಡುದುಡು ನಡೆದು, ಏದುಸಿರಿನಲ್ಲೇ ಕೋಲು ಎಳೆದು, ಹಿಂದಿನ ಹೊಡೆತದ ಸಿಟ್ಟನ್ನು ಮುಂದಿನದರ ಮೇಲೆ ತೀರಿಸಿಕೊಳ್ಳುವುದು ಬಹಳ ಸುಲಭ. ನಾನು ಮಾಡುವುದು ಇಷ್ಟು: ಚೆಂಡಿನಿಂದ ನಾಲ್ಕು ಹೆಜ್ಜೆ ಹಿಂದೆ ಚೀಲವನ್ನು ಪೂರ್ತಿ ನೆಲಕ್ಕಿಡುತ್ತೇನೆ. ಹುಲ್ಲಿನ ಎಸಳು ತೂರಿ ಗಾಳಿ ನೋಡುತ್ತೇನೆ. ಎಲ್ಲಿಗೆ ಹೊಡೆಯುತ್ತೇನೆ, ಯಾವ ಕೋಲಿನಿಂದ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ. ಆಷಾಢದಲ್ಲಿ ಈ ಗಾಳಿ ಸಾಮಾನ್ಯದ್ದಲ್ಲ. ಗಣಿಯ ಸಯನೈಡ್ ದಿಬ್ಬಗಳ ನುಣ್ಣನೆ ಧೂಳನ್ನು ಎಬ್ಬಿಸಿ ತರುತ್ತದೆ, ಎತ್ತರಕ್ಕೆ ಹೋದ ಚೆಂಡನ್ನು ಎಲ್ಲಿಗೋ ಒಯ್ಯುತ್ತದೆ. ಮಳೆ ಇಲ್ಲದ ತಿಂಗಳುಗಳಲ್ಲಿ ನಮ್ಮ ಸೀಮೆಯ ನೆಲ ಕಲ್ಲಿನಷ್ಟೇ ಗಟ್ಟಿ, ಬಿದ್ದ ಚೆಂಡು ಓಡುತ್ತಲೇ ಇರುತ್ತದೆ. ತಗ್ಗಿನಲ್ಲಿ ಹೊಡೆದು ಉರುಳಿಸುವುದು ಇಂಥ ಕಡೆ ಜಾಣತನ. ಇದನ್ನು ಒಂದೇ ಜಾಗದಲ್ಲಿ ನಿಂತು ಚೆಂಡು ಹೊಡೆದು ಕಲಿಯಲಾಗದು. ಆಟವೇ ಕಲಿಸಬೇಕು.

ಕಾರ್ಡಿನ ಅಂಚಿನಲ್ಲಿ ಇನ್ನೊಂದು ವಿಷಯ ಬರೆಯುತ್ತೇನೆ: ಚೆಂಡು ತಪ್ಪಿದ ದಿಕ್ಕು. ಎಡಕ್ಕೋ, ಬಲಕ್ಕೋ, ಗಿಡ್ಡವಾಯಿತೋ. ಜೊತೆಗೆ ತಪ್ಪಿದ್ದು ಕೈಯೋ ತೀರ್ಮಾನವೋ ಎಂಬ ಒಂದು ಗುರುತು. ಕೆಲವು ಸುತ್ತುಗಳ ಕಾರ್ಡು ಒಟ್ಟಿಗಿಟ್ಟು ನೋಡಿದರೆ ಅಭ್ಯಾಸದಲ್ಲಿ ಏನು ಮಾಡಬೇಕೆಂದು ಗುರುಗಳಿಲ್ಲದೆಯೂ ತಿಳಿಯುತ್ತದೆ. ಆಟದ ನಡುವೆ ಮಾತ್ರ ಅದನ್ನು ತಿದ್ದಲು ಹೋಗಬಾರದು. ಬಲಕ್ಕೆ ಹೋಗುತ್ತಿದೆಯೇ, ಅವತ್ತಿಗೆ ಎಡಕ್ಕೆ ಗುರಿಯಿಟ್ಟು ಆಡಿ ಮುಗಿಸಬೇಕು.

ಅಭ್ಯಾಸಕ್ಕೆ ಕೋರ್ಸೇ ಬೇಕಿಲ್ಲ. ಸಂಕ್ರಾಂತಿ ಕಳೆದು ರಾಗಿ ಕಟಾವಾದ ಹೊಲ, ಒಡೆಯರ ಅಪ್ಪಣೆ, ದನಕುರಿ ಇಲ್ಲದ ಹೊತ್ತು, ಒಂದು ಹಳೆಯ ಮಂಕರಿ ಇದ್ದರೆ ಚಿಪ್ ಕಲಿಯಲು ಸಾಕು. ಬಂಗಾರಪೇಟೆಯ ಸುತ್ತ ಇಂಥ ಹೊಲಗಳಿಗೆ ಬರವಿಲ್ಲ. ಅಲ್ಲಿ ಒಂದೇ ಕೋಲಿನಿಂದ, ಒಂದೇ ಜಾಗದಿಂದ ಮೇಲಿಂದ ಮೇಲೆ ಹೊಡೆದರೆ ಹತ್ತನೆಯ ಚೆಂಡಿನ ಹೊತ್ತಿಗೆ ಎಲ್ಲವೂ ಮಂಕರಿಯ ಸುತ್ತಲೇ ಬೀಳುತ್ತವೆ, ಮನಸ್ಸು ಉಬ್ಬುತ್ತದೆ. ಅದನ್ನು ನಂಬಬಾರದು. 1979ರಲ್ಲಿ ಅಮೆರಿಕದ ಜಾನ್ ಶೇ ಮತ್ತು ರಾಬಿನ್ ಮಾರ್ಗನ್ ಕೈಚಲನೆಯ ಕಲಿಕೆಯ ಬಗ್ಗೆ ಒಂದು ಪ್ರಯೋಗ ಮಾಡಿದರು. ಒಂದೇ ಚಲನೆಯನ್ನು ಸತತವಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಬೇರೆ ಬೇರೆ ಚಲನೆಗಳನ್ನು ಕಲಸಿ ಮಾಡಿದವರು ಆಗ ತಡವರಿಸಿದರೂ ಆಮೇಲೆ ಪರೀಕ್ಷಿಸಿದಾಗ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಕೋರ್ಸಿನಲ್ಲಿ ಒಂದೇ ಹೊಡೆತ ಎರಡು ಸಲ ಬರುವುದಿಲ್ಲ ತಾನೆ? ಅದಕ್ಕೇ ನಾನು ಪ್ರತಿ ಚೆಂಡಿಗೂ ಕೋಲು ಬದಲಿಸುತ್ತೇನೆ, ದೂರ ಬದಲಿಸುತ್ತೇನೆ. ಹೊಸದಾಗಿ ಕಲಿಯುವವರು ಮಾತ್ರ ಮೊದಮೊದಲು ಒಂದೇ ಹೊಡೆತವನ್ನು ಮತ್ತೆ ಮತ್ತೆ ಹೊಡೆದು ಕೈ ಕೂಡಿಸಿಕೊಳ್ಳಲಿ.

ಪಟಿಂಗ್ ಬಗ್ಗೆ ಒಂದು ಮಾತು. ಹದಿನೆಂಟು ಹೋಲಿಗೆ ಪಾರ್ 72 ಎಂದರೆ ಅದರಲ್ಲಿ 36 ಹೊಡೆತ ಪಟಿಂಗಿಗೆಂದೇ ಎಣಿಸಿರುತ್ತಾರೆ. ಅರ್ಧ ಆಟ ಅಲ್ಲೇ ಇದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಅದಿತಿ ಅಶೋಕ್ ದೂರ ಹೊಡೆಯುವುದರಲ್ಲಿ ಹಿಂದಿದ್ದರೂ ಪಟಿಂಗಿನ ಬಲದಿಂದ ನಾಲ್ಕನೇ ಸ್ಥಾನಕ್ಕೆ ಬಂದರು. ನೀರಿಗೆ ಕಷ್ಟವಿರುವ ಕಡೆ ಹುಲ್ಲಿನ ಗ್ರೀನ್ ಬದಲು ಮರಳಿಗೆ ಎಣ್ಣೆ ಬೆರೆಸಿ ಹದಮಾಡಿದ 'ಬ್ರೌನ್' ಇರುವುದುಂಟು. ಅದರ ಮೇಲೆ ಚೆಂಡು ಹೆಚ್ಚು ತಿರುಗದು, ಬೇಗ ನಿಲ್ಲುತ್ತದೆ. ಅಲ್ಲಿ ರೂಢಿಯಾದವರು ಬೆಂಗಳೂರಿನ ಹುಲ್ಲಿನ ಗ್ರೀನಿಗೆ ಹೋದಾಗ ಚೆಂಡು ಹೋಲ್ ದಾಟಿ ಓಡುತ್ತದೆ. ಮನೆಯ ನಯವಾದ ನೆಲದ ಮೇಲೆ ಮೆಲ್ಲಗೆ ತಳ್ಳುವ ಅಭ್ಯಾಸ ಇದಕ್ಕೆ ಒಳ್ಳೆಯ ಮದ್ದು.

ಆಟ, ಅಭ್ಯಾಸ ಎರಡನ್ನೂ ಬೆರೆಸಲೇಬೇಕೆಂದಿದ್ದರೆ ಒಂದು ಕ್ರಮವಿದೆ: ಎರಡು ಚೆಂಡು ಹೊಡೆದು, ಕೆಟ್ಟದಾಗಿ ಬಿದ್ದದ್ದರ ಜಾಗದಿಂದ ಮತ್ತೆ ಎರಡನ್ನೂ ಆಡುವುದು. ಬಹಳ ಕಠಿಣ, ಬಹಳ ಉಪಯುಕ್ತ. ಹಿಂದೆ ಯಾರಾದರೂ ಬಂದರೆ ತಕ್ಷಣ ನಿಲ್ಲಿಸಿ ಅವರಿಗೆ ದಾರಿ ಬಿಡಬೇಕು.

ಕೆಲಸದವರು, ವಾರಕ್ಕೆ ಒಂದೇ ಬೆಳಗು ಸಿಗುವವರು ನನ್ನನ್ನು ಕೇಳಿದರೆ, ಆಡಿ ಎಂದೇ ಹೇಳುತ್ತೇನೆ. ಅಭ್ಯಾಸವನ್ನು ಹೊಲದಲ್ಲಿ, ಮನೆಯಲ್ಲಿ, ಕಾಲು ಗಂಟೆಯ ಬಿಡುವಿನಲ್ಲಿ ಮಾಡಿಕೊಳ್ಳಬಹುದು. ಹೋಲಿನಿಂದ ಹೋಲಿಗೆ ನಡೆದು ತೀರ್ಮಾನ ಮಾಡುವುದನ್ನು ಬೇರೆಲ್ಲೂ ಕಲಿಯಲಾಗದು. ಕೆಜಿಎಫ್‌ನಲ್ಲಿ ಒಬ್ಬರೇ ಆಡುವವರು ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯಲ್ಲಿ ಹೇಳಿ ಹೋಗಿ. ಇದು ಹಳೆಯ ಗಣಿ ನೆಲ. ಚೆಂಡು ಪೊದೆಯೊಳಗೆ ಹೋದರೆ, ಬೇಲಿ ದಾಟಿದರೆ ಹಿಂದೆ ಹೋಗಬೇಡಿ. ನಿಯಮದಲ್ಲೂ ಹುಡುಕಲು ಸಿಗುವುದು ಮೂರೇ ನಿಮಿಷ.