ಸಾವಿನ ಲೆಕ್ಕ ಯಾವ ಊರಿಗೆ ಸೇರಬೇಕು?

ಹೊಸಪೇಟೆಯ ಜನಸಂಖ್ಯೆ 2,00,000 ಎಂದೂ, ಕಂಪ್ಲಿಯದು 40,000 ಎಂದೂ ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳೋಣ. ಒಂದು ವರ್ಷದಲ್ಲಿ ಮೊದಲನೆಯ ಊರಿನ ದಾಖಲೆ ಪುಸ್ತಕದಲ್ಲಿ 2,000 ಮರಣಗಳೂ ಎರಡನೆಯದರಲ್ಲಿ 200 ಮರಣಗಳೂ ಬರೆಯಲ್ಪಟ್ಟಿವೆಯೆಂದು ಊಹಿಸಿದರೆ, ಸಾವಿರ ಜನರಿಗೆ ಹೊಸಪೇಟೆಯಲ್ಲಿ 10, ಕಂಪ್ಲಿಯಲ್ಲಿ 5 ಮರಣಗಳಾದಂತಾಯಿತು. ಹೊಸಪೇಟೆಯ ನೀರು ಗಾಳಿಗಳು ಎರಡರಷ್ಟು ಕೆಟ್ಟವೆಂದು ಇದರಿಂದ ತೀರ್ಮಾನಿಸಬಹುದೇ?

ಕೂಡದು. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ, ಮರಣವು ಎಲ್ಲಿ ಸಂಭವಿಸಿತೋ ಅಲ್ಲಿಯೇ ಅದನ್ನು ದಾಖಲೆ ಮಾಡಿಸತಕ್ಕದ್ದು. ದೊಡ್ಡ ಆಸ್ಪತ್ರೆಗಳಿರುವ ಪಟ್ಟಣಕ್ಕೆ ಸುತ್ತಲ ಊರುಗಳ ಕಠಿಣ ರೋಗಿಗಳು ಬರುವರು. ಅವರಲ್ಲಿ ಕೆಲವರು ಅಲ್ಲಿಯೇ ತೀರಿಕೊಳ್ಳುವರು. ಆ 2,000ದಲ್ಲಿ 500 ಮಂದಿ ಪರಸ್ಥಳದವರು, ಅವರಲ್ಲಿ 100 ಮಂದಿ ಕಂಪ್ಲಿಯವರು ಎನ್ನೋಣ. ಆಗ ಹೊಸಪೇಟೆಯದು 1,500, ಕಂಪ್ಲಿಯದು 300; ಎರಡು ಊರುಗಳ ಪ್ರಮಾಣವೂ 7.5 ಆಗುವುದು. ಮರಣದ ನಮೂನೆಯಲ್ಲಿ ಮೃತನ ವಾಸಸ್ಥಳವನ್ನು ಬರೆಯಲು ಬೇರೆ ಅಂಕಣವಿರುವುದು ಇದಕ್ಕಾಗಿಯೇ. ಅವಸರದಲ್ಲಿ ಖಾಲಿ ಬಿಡುವ ಅಂಕಣವೂ ಬಹುಶಃ ಅದೇ.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಬಳಿ ಕಾಲರಾ ಹರಡಿದಾಗ ವೈದ್ಯನಾದ ಜಾನ್ ಸ್ನೋ, ಸತ್ತವರನ್ನು ಅವರ ಮನೆಗಳ ಸ್ಥಾನದಲ್ಲಿ ನಕಾಶೆಯ ಮೇಲೆ ಗುರುತು ಮಾಡಿದನು. ಗುರುತುಗಳು ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದವು. ರೋಗಿಗಳನ್ನು ಸಾಗಿಸಿದ ಆಸ್ಪತ್ರೆಯ ಮೇಲೆಯೇ ಗುರುತುಗಳನ್ನು ಹಾಕುತ್ತ ಹೋಗಿದ್ದರೆ ನಕಾಶೆಯು ಆಸ್ಪತ್ರೆಯನ್ನೇ ದೂಷಿಸುತ್ತಿತ್ತು!

ಮರಣಗಳನ್ನು ಎಣಿಸಿದ ಎಲ್ಲೆಯೂ ಜನರನ್ನು ಎಣಿಸಿದ ಎಲ್ಲೆಯೂ ಒಂದೇ ಆಗಿರಬೇಕು. ನಮ್ಮ ಸೀಮೆಯಲ್ಲಿ ಇದು ಸುಲಭವಲ್ಲ. ಸಂಡೂರು 1949ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಬಳ್ಳಾರಿ 1953ರಲ್ಲಿ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಹೊಸಪೇಟೆ, ಹಂಪೆಗಳು ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. 2011ರ ಜನಗಣತಿಯ (ಹಿರಿಯರು ಇದನ್ನು ಖಾನೇಷುಮಾರಿ ಎನ್ನುತ್ತಿದ್ದರು) ಬಳ್ಳಾರಿ ಜಿಲ್ಲೆಯ ಒಟ್ಟು ಸಂಖ್ಯೆಯಿಂದ ಈಗಿನ ಬಳ್ಳಾರಿಯ ಮರಣಗಳನ್ನು ಭಾಗಿಸಿದರೆ ಜಿಲ್ಲೆಯು ಒಮ್ಮೆಲೇ ಆರೋಗ್ಯವಂತವಾದಂತೆ ತೋರುವುದು. ಆದಕಾರಣ ಕೋಷ್ಟಕದ ತಲೆಯಲ್ಲಿ ವರ್ಷದೊಡನೆ ಎಲ್ಲೆಯನ್ನೂ ನಮೂದಿಸಬೇಕು.

ಸಣ್ಣ ಊರುಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಹಂಪೆಯಂತಹ ಗ್ರಾಮದಲ್ಲಿ ವರ್ಷಕ್ಕೆ 50 ಶಿಶುಗಳು ಹುಟ್ಟುವುವೆಂದು ಭಾವಿಸಿದರೆ, ಒಂದು ಶಿಶು ಸತ್ತ ವರ್ಷದ ಶಿಶುಮರಣ ಪ್ರಮಾಣವು ಸಾವಿರಕ್ಕೆ 20, ಎರಡು ಸತ್ತರೆ 40. ಇದರಿಂದ ಸ್ಥಿತಿಯು ಇಮ್ಮಡಿ ಕೆಟ್ಟಿತೆನ್ನಲಾಗದು. ಐದಾರು ವರ್ಷಗಳ ಅಂಕಿಗಳನ್ನು ಕೂಡಿಸಿಯೇ ನೋಡಬೇಕು.

ಇನ್ನು ಪುಸ್ತಕಕ್ಕೆ ಬಾರದೆಯೇ ಹೋದ ಸಾವುಗಳು. ಕಾಣದುದನ್ನು ಎಣಿಸುವ ಬಗೆಯೊಂದನ್ನು ಸಿ. ಚಂದ್ರಶೇಖರನ್ ಮತ್ತು ಡೆಮಿಂಗ್ ಎಂಬ ಸಂಖ್ಯಾಶಾಸ್ತ್ರಜ್ಞರು 1949ರಲ್ಲಿ ತೋರಿಸಿಕೊಟ್ಟರು. ಒಂದು ಪ್ರದೇಶದ ದಾಖಲೆಯಲ್ಲಿ 80 ಮರಣಗಳಿವೆ. ಬೇರೆಯವರು ಮನೆಮನೆಗೆ ಹೋಗಿ ವಿಚಾರಿಸಿದಾಗ 70 ತಿಳಿದುಬಂದವು. ಎರಡು ಪಟ್ಟಿಗಳಲ್ಲಿಯೂ ಇರುವುವು 56 ಎನ್ನೋಣ. ಮನೆ ವಿಚಾರಣೆಯ 70ರಲ್ಲಿ 56, ಎಂದರೆ ಐದರಲ್ಲಿ ನಾಲ್ಕು ಪಾಲು, ದಾಖಲೆಯಲ್ಲಿ ಸಿಕ್ಕಿವೆ. ಹಾಗಾದರೆ ದಾಖಲೆಯ 80 ಎಂಬುದು ನಿಜವಾದ ಮೊತ್ತದ ಐದರಲ್ಲಿ ನಾಲ್ಕು ಪಾಲು, ಮೊತ್ತವು 100. ಎರಡು ಪಟ್ಟಿಗಳನ್ನು ಕೂಡಿಸಿ, ಎರಡು ಸಲ ಬಂದುವನ್ನು ಕಳೆದರೆ ದೊರೆಯುವ ಹೆಸರುಗಳು 94. ಉಳಿದ 6 ಮಂದಿ ಯಾರ ಕಣ್ಣಿಗೂ ಬೀಳದೆ ಹೋದವರು.

ಈ ಲೆಕ್ಕವು ಸರಿಯಾಗಬೇಕಾದರೆ ಒಂದು ಪಟ್ಟಿಯಲ್ಲಿ ತಪ್ಪಿದವರು ಇನ್ನೊಂದರಲ್ಲಿಯೂ ತಪ್ಪುವ ಸಂಭವವು ಹೆಚ್ಚಾಗಿರಕೂಡದು. ಸಂಡೂರಿನ ಗಣಿಗಳ ಕಡೆಗೆ ದುಡಿಮೆಗಾಗಿ ಬಂದ ಕುಟುಂಬವೊಂದು ಗುಡಿಸಲಿನಲ್ಲಿ ಎಳೆಗೂಸನ್ನು ಕಳೆದುಕೊಂಡು ಬೇರೆ ಕಡೆಗೆ ಹೊರಟುಹೋದರೆ, ಆ ಕೂಸು ಎರಡು ಪಟ್ಟಿಗಳಿಗೂ ಸಿಗುವುದು ಕಷ್ಟ. ಆಗ ಸೂತ್ರವು ಹೇಳುವ 6 ಎಂಬ ಸಂಖ್ಯೆಯೂ ನಿಜಕ್ಕಿಂತ ಕಡಮೆಯೇ. ಭಾರತದ ಮಾದರಿ ನೋಂದಣಿ ಪದ್ಧತಿಯಲ್ಲಿ ಸ್ಥಳೀಯ ಎಣಿಕೆದಾರನು ವರ್ಷವಿಡೀ ಬರೆದುಕೊಂಡ ಪಟ್ಟಿಯನ್ನು ಅರ್ಧವಾರ್ಷಿಕ ಸಮೀಕ್ಷೆಯ ಪಟ್ಟಿಯೊಡನೆ ಹೋಲಿಸಿ, ಹೊಂದದ ಹೆಸರುಗಳಿಗಾಗಿ ಮರಳಿ ಆ ಮನೆಗಳಿಗೇ ಹೋಗಿ ವಿಚಾರಿಸುವರು.