ದಿನದ ದುಡಿಮೆಯೇ ಕಾಯಕ

12ನೇ ಶತಮಾನದಲ್ಲಿ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಶರಣ ದಂಪತಿಗಳು ಮಾರಯ್ಯ, ಲಕ್ಕಮ್ಮ. ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುವುದೇ ಅವರ ಕಾಯಕ. ಒಮ್ಮೆ ಮಾರಯ್ಯನವರು ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಒಪ್ಪದೆ, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದರಂತೆ. ಆಸೆ ಬೆರೆತರೆ ಅದು ಬರೀ ಗಳಿಕೆ. ಇನ್ನೊಬ್ಬರ ನೆನಪಿದ್ದರೆ ಕಾಯಕ.

ಸಿರುಗುಪ್ಪದಲ್ಲಿ ಭತ್ತ ನಾಟಿ ಮಾಡುವ ತಾಯಿ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಅಣ್ಣ, ಇಬ್ಬರದೂ ದಿನಾ ಅದೇ ಕೆಲಸ. ಬೇಸರ ಬರೋದು ಸಹಜ. ಆದರೆ ಉಣ್ಣುವವರನ್ನು ನೆನೆದು ಸಸಿ ನೆಟ್ಟರೆ, ಉಡುವವರನ್ನು ನೆನೆದು ದಾರ ಬಿಚ್ಚದಂತೆ ಹೊಲಿದರೆ, ಅದೇ ಕೆಲಸದಲ್ಲಿ ಹೊಸತನ ಕಾಣುತ್ತದೆ. ಕುರುಗೋಡಿನ ಏಕಶಿಲೆಯ ದೊಡ್ಡಬಸವಣ್ಣನೂ ಉಳಿಯ ಒಂದೊಂದೇ ಏಟಿನಿಂದ ಮೂಡಿದವನು.

ಭಕ್ತರೇ, ಬೆಟ್ಟ ಇಳಿದು ನಾಳೆ ಕೆಲಸಕ್ಕೆ ಕೂತಾಗ, ಇದು ಯಾರಿಗಾಗಿ ಎಂದು ಒಮ್ಮೆ ಕೇಳಿಕೊಳ್ಳಿರಿ.