ಗೋಡೆಗಳ ನಡುವಿನ ಆಟ

ಆಟವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಯಲು. ಆದರೆ ಬಯಲನ್ನು ಒಲ್ಲದ ಆಟಗಳೂ ಕೆಲವುಂಟು. ಗಾಳಿಮಳೆಗಳಿಗೆ ಅಂಜಿ ಅವು ಸೂರಿನ ಕೆಳಗೆ ಸೇರಿಕೊಂಡಿವೆ. ಅವುಗಳಲ್ಲಿ ಒಂದಾದ ಬ್ಯಾಡ್ಮಿಂಟನ್ನನ್ನು, ಎಂದರೆ ನಾವು ‘ಷಟಲ್’ ಎಂದೇ ಕರೆಯುವ ಆಟವನ್ನು ತೆಗೆದುಕೊಂಡು, ಅದರ ಪಂದ್ಯಗಳಿಗೆ ಆಶ್ರಯ ಕೊಟ್ಟ ಕಟ್ಟಡಗಳನ್ನು ಕುರಿತು ನಾಲ್ಕು ಮಾತು ಬರೆಯುವುದು ನನ್ನ ಉದ್ದೇಶ.

ಈ ಆಟಕ್ಕೆ ಸೂರು ಏಕೆ ಬೇಕು? ಉತ್ತರ ಷಟಲ್ ಕಾಕಿನಲ್ಲಿಯೇ ಇದೆ. ಅದರಲ್ಲಿರುವ ಗರಿಗಳು 16. ತೂಕ ಹೆಚ್ಚೆಂದರೆ ಐದೂವರೆ ಗ್ರಾಂ. ಇಷ್ಟು ಹಗುರವಾದ ವಸ್ತು ಸಣ್ಣ ಗಾಳಿಗೂ ದಾರಿ ತಪ್ಪುತ್ತದೆ. 19ನೆಯ ಶತಮಾನದಲ್ಲಿ ಪುಣೆಯ ದಂಡಿನ ಇಂಗ್ಲಿಷ್ ಅಧಿಕಾರಿಗಳು ಇದನ್ನು ಬಯಲಿನಲ್ಲಿಯೇ ಆಡುತ್ತಿದ್ದರು. ನಮ್ಮ ಊರುಗಳ ಬಾಲ್ ಬ್ಯಾಡ್ಮಿಂಟನ್ನಿನಲ್ಲಿ ಗರಿಯ ಬದಲು ಉಣ್ಣೆಯ ಚೆಂಡು ಇರುವುದರಿಂದ ಅದು ಇಂದಿಗೂ ಬಯಲಿನಲ್ಲಿ ಸುಖವಾಗಿದೆ. ಷಟಲ್ ಮಾತ್ರ ಮನೆಯೊಳಕ್ಕೆ ಬಂದಿತು.

ಒಳಗೆ ಬಂದ ಮೇಲೆ ಅದಕ್ಕೆಂದೇ ಕಟ್ಟಿದ ಮನೆ ಮಾತ್ರ ಬಹುಕಾಲ ದೊರೆಯಲಿಲ್ಲ. ಮೊದಲ ಕಾಲದ ಅಂಕಣ ಡಮರುಗದಂತೆ ನಡುವೆ ಸಣ್ಣಗಿತ್ತು. ಅಂದಿನ ಸಭಾಭವನವೊಂದರ ಬಾಗಿಲುಗಳು ಒಳಕ್ಕೆ ತೆರೆಯುತ್ತಿದ್ದುದೇ ಅದಕ್ಕೆ ಕಾರಣವೆಂದು ಹೇಳುವುದುಂಟು. 1901ರಲ್ಲಿ ಆ ಆಕಾರವನ್ನು ಬಿಟ್ಟು ನೆಟ್ಟನೆಯ ಆಯತವನ್ನು ಗೊತ್ತುಮಾಡಿದರು. ಆಲ್ ಇಂಗ್ಲೆಂಡ್ ಪಂದ್ಯಾವಳಿ 1899ರಲ್ಲಿ ಆರಂಭವಾದುದು ಲಂಡನ್ನಿನ ಒಂದು ಪಡೆಯ ಕವಾಯತು ಶಾಲೆಯಲ್ಲಿ. 1957ರಿಂದ 1993ರವರೆಗೆ ಅದು ನಡೆದುದು ವೆಂಬ್ಲಿಯಲ್ಲಿ. ವೆಂಬ್ಲಿಯ ಆ ಭವನವನ್ನು 1934ರಲ್ಲಿ ಕಟ್ಟಿದುದು ಈಜುಕೊಳವಾಗಿ! 1948ರ ಒಲಿಂಪಿಕ್ಸಿನ ಈಜುಸ್ಪರ್ಧೆಗಳು ಅಲ್ಲಿಯೇ ನಡೆದಿದ್ದವು.

ಕನ್ನಡಿಗರಾದ ನಮಗೆ ಆ ಭವನ ಬೇರೊಂದು ಕಾರಣದಿಂದ ಪ್ರಿಯವಾದುದು. 1980ರಲ್ಲಿ ಬೆಂಗಳೂರಿನ ಪ್ರಕಾಶ್ ಪಡುಕೋಣೆಯವರು ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ, ಆ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರಾದುದು ಅಲ್ಲಿಯೇ. ಅದರ ಹಿಂದಿನ ವರ್ಷ ಅವರು ಲಂಡನ್ನಿನಲ್ಲಿ ಮತ್ತೊಂದು ಪಂದ್ಯಾವಳಿಯನ್ನು ಗೆದ್ದುದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಅದು ಸಂಗೀತ ಕಚೇರಿಗಳಿಗೆ ಹೆಸರಾದ ಭವನ.

ಇನ್ನು ಅವರು ಆಟ ಕಲಿತ ಸ್ಥಳ ಯಾವುದು? ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಹಾಲು. ಅಂದು ಹುಡುಗರಿಗೆ ಅಭ್ಯಾಸಕ್ಕೆ ಬೇರೆ ಅಂಕಣವಿರಲಿಲ್ಲ. ಈ ದಿನ ಅಲ್ಲಿ ಸಮಾರಂಭವಿದೆಯೋ ಇಲ್ಲವೋ ಎಂದು ದಿನವೂ ಕಾದು, ಇಲ್ಲವೆಂದು ತಿಳಿದರೆ ಶಾಲೆ ಬಿಟ್ಟೊಡನೆ ಓಡಿಹೋಗಿ ಆಡುತ್ತಿದ್ದೆವೆಂದು ಅವರೇ ಬರೆದಿದ್ದಾರೆ. ಮುಹೂರ್ತವಿಲ್ಲದ ದಿನಗಳೇ ಅವರ ಪಾಲಿನ ಶುಭದಿನಗಳು.

ಹಾಗಾದರೆ ಯಾವ ಕೋಣೆಯಾದರೂ ಆದೀತೆ? ಆಗದು. ಅಂಕಣಕ್ಕೆ 44 ಅಡಿ ಉದ್ದ, 20 ಅಡಿ ಅಗಲ ಬೇಕು. ಸುತ್ತಲೂ ಓಡಾಡಲು ತೆರವು ಬೇಕು. ದೊಡ್ಡ ಅಂತರರಾಷ್ಟ್ರೀಯ ಪಂದ್ಯಗಳಿಗೆ ಮಾಡು 12 ಮೀಟರ್ ಎತ್ತರವಿರಬೇಕೆನ್ನುತ್ತಾರೆ; ಅಭ್ಯಾಸಕ್ಕೆ ಅಷ್ಟು ಬೇಡ. ಬಿಳಿಯ ಗರಿ ಕಾಣಬೇಕಾದರೆ ಅಂಕಣದ ಹಿಂದಿನ ಗೋಡೆಯ ಬಣ್ಣ ಗಾಢವಾಗಿರಬೇಕು. ಆಡುವವನ ಕಣ್ಣಿಗೆ ಎದುರಾಗಿ ಕಿಟಕಿಯಾಗಲಿ ದೀಪವಾಗಲಿ ಇರಬಾರದು. ಫ್ಯಾನುಗಳನ್ನು ನಿಲ್ಲಿಸಬೇಕು. ನೆಲ ಜಾರಬಾರದು; ಬರಿಯ ಸಿಮೆಂಟಾದರೆ ಮೊಣಕಾಲಿಗೆ ಪೆಟ್ಟು. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ತೆಳು. ಮಂಗಳೂರಿಗಿಂತ ಅಲ್ಲಿ ಅದೇ ಷಟಲ್ ದೂರ ಹಾರುತ್ತದೆ. ಆದುದರಿಂದಲೇ ಪಂದ್ಯಕ್ಕೆ ಮುಂಚೆ ಹಿಂದಿನ ಗೆರೆಯಿಂದ ಹೊಡೆದು ನೋಡಿ, ಆ ಸ್ಥಳಕ್ಕೆ ಒಪ್ಪುವ ಷಟಲ್ಲನ್ನು ಆರಿಸುತ್ತಾರೆ.

ಈಗ ಬೆಂಗಳೂರಿನಲ್ಲಿ ಕಂಠೀರವ, ಕೋರಮಂಗಲಗಳ ಒಳಾಂಗಣ ಕ್ರೀಡಾಂಗಣಗಳಿವೆ. 1994ರಲ್ಲಿ ಪ್ರಕಾಶ್ ಅವರದೇ ತರಬೇತಿ ಕೇಂದ್ರವೂ ಆರಂಭವಾಯಿತು. ಇವು ಸಂತೋಷದ ಸಂಗತಿಗಳೇ. ಆದರೆ ಸಹಸ್ರಾರು ಜನ ಕೂತು ನೋಡುವ ಕ್ರೀಡಾಂಗಣ ಆಟಗಾರನನ್ನು ಪ್ರಕಟಿಸುತ್ತದೆಯೇ ಹೊರತು ಸೃಷ್ಟಿಸುವುದಿಲ್ಲ. ಅವನನ್ನು ಸೃಷ್ಟಿಸುವುದು ಮನೆಗೆ ಹತ್ತಿರವಿದ್ದು ದಿನವೂ ಬಾಗಿಲು ತೆರೆಯುವ ಸಣ್ಣ ಹಾಲು.

ನಮ್ಮಂತಹ ಸರ್ಕಾರಿ ಕಾಲೇಜುಗಳಿಗೆ ಒಳಾಂಗಣ ಕ್ರೀಡಾಂಗಣ ಎಂದು ಬರುವುದೋ ನಾನರಿಯೆ. ಪರೀಕ್ಷೆಗೂ ವಾರ್ಷಿಕೋತ್ಸವಕ್ಕೂ ಮಾತ್ರ ತೆರೆಯುವ ಸಭಾಂಗಣವಂತೂ ನಮಗಿದೆ. ನಾನು ಟೇಪು ಹಿಡಿದು ಅಳೆದು ನೋಡಿದ್ದೇನೆ: ಬೆಂಚುಗಳನ್ನು ಗೋಡೆಗೆ ಸರಿಸಿದರೆ ಒಂದು ಅಂಕಣ ಹಿಡಿಸುತ್ತದೆ. ಬೇಕಾದುದು ಎರಡು ಕಂಬ, ಒಂದು ಬಲೆ, ಕಿಟಕಿಗಳಿಗೆ ಪರದೆ, ಸಂಜೆ ಎರಡು ಗಂಟೆಗಳ ಮಟ್ಟಿಗೆ ಬೀಗದ ಕೈ. ಬೆಂಚುಗಳನ್ನು ಸರಿಸುವ, ಮತ್ತೆ ಸಾಲಾಗಿ ಇಡುವ ಹೊಣೆ ವಿದ್ಯಾರ್ಥಿಗಳಾದ ನಮ್ಮದಿರಲಿ. ಮದುವೆಯ ಹಾಲಿನಿಂದ ವೆಂಬ್ಲಿಗೆ ದಾರಿಯಿತ್ತೆಂಬುದು ಸಿದ್ಧವಾಗಿದೆ. ಪರೀಕ್ಷೆಯ ಹಾಲಿನಿಂದ ವಿಶ್ವವಿದ್ಯಾನಿಲಯದ ಪಂದ್ಯಾವಳಿಗಾದರೂ ಒಂದು ದಾರಿ ಇದ್ದೇ ಇದೆಯೆಂದು ನಮ್ಮ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ಅರಿಕೆ ಮಾಡಿಕೊಳ್ಳುತ್ತೇನೆ.